ತರಗತಿಯಲ್ಲಿ ಡಿಜಿಟಲ್ ಪೌರತ್ವ: ಭಾಷಣ ಕಡಿಮೆ ಮಾಡಿ, ಅಭ್ಯಾಸ ಮಾಡಿಸಿ

ಪಾಸ್‌ವರ್ಡ್ ಯಾರಿಗೂ ಹೇಳಬಾರದು, ಗುರುತಿಲ್ಲದವರ ಜೊತೆ ಚಾಟ್ ಮಾಡಬಾರದು, ನೋಡದೆ ಏನನ್ನೂ ಫಾರ್ವರ್ಡ್ ಮಾಡಬಾರದು. ಮಕ್ಕಳನ್ನು ಕೇಳಿ ನೋಡಿ, ಇದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಪರೀಕ್ಷೆ ಇಟ್ಟರೆ ಪೂರ್ತಿ ಅಂಕ. ಅದೇ ಹುಡುಗಿ ಸಂಜೆ ಗೆಳತಿಗೆ ತನ್ನ ಪಾಸ್‌ವರ್ಡ್ ಕೊಟ್ಟಿರುತ್ತಾಳೆ, ಯಾಕೆಂದರೆ ಕೊಡದಿದ್ದರೆ 'ನನ್ನ ಮೇಲೆ ನಂಬಿಕೆ ಇಲ್ವಾ' ಅಂತ ಆ ಗೆಳತಿ ಮುನಿಸಿಕೊಳ್ಳುತ್ತಾಳೆ. ನಿಯಮ ಚೆನ್ನಾಗಿಯೇ ಗೊತ್ತಿತ್ತು. ಆ ಗಳಿಗೆಯಲ್ಲಿ ಗೆಳೆತನ ಕೆಡದ ಹಾಗೆ ಏನು ಹೇಳಿ ಜಾರಿಕೊಳ್ಳಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಡಿಜಿಟಲ್ ಪೌರತ್ವ ಅಂದರೆ ಫೋನ್, ಇಂಟರ್ನೆಟ್ ಬಳಸುವಾಗ ಹುಷಾರಾಗಿ, ಹೊಣೆಯಿಂದ ನಡೆದುಕೊಳ್ಳುವುದು. ಅದರಲ್ಲಿ ಕಲಿಸಬೇಕಾದದ್ದು ಆ ಗಳಿಗೆಯನ್ನೇ. ವರ್ಷಕ್ಕೊಂದು ದಿನ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ, ಹೊರಗಿನವರನ್ನು ಕರೆಸಿ, ಎದೆ ನಡುಗಿಸುವ ಸ್ಲೈಡ್ ತೋರಿಸಿ ಕಳಿಸಿದರೆ ಮಕ್ಕಳಲ್ಲಿ ಉಳಿಯುವುದು ಹೆದರಿಕೆ, ಅದೂ ಎರಡು ದಿನ. ವಾರಕ್ಕೆ ಹದಿನೈದು ನಿಮಿಷ ಸಾಕು. ಆದರೆ ಆ ಹದಿನೈದು ನಿಮಿಷದಲ್ಲಿ ಮಕ್ಕಳು ಏನಾದರೂ ಮಾಡುತ್ತಿರಬೇಕು: ಹುಡುಕಬೇಕು, ಆಡಿ ತೋರಿಸಬೇಕು, ವಾದ ಮಾಡಬೇಕು, ತೀರ್ಮಾನಕ್ಕೆ ಬರಬೇಕು.

ಏನೇನು ಕಲಿಸಬೇಕು ಅಂತ ಕೇಳಿದರೆ ದೊಡ್ಡ ಪಟ್ಟಿಯೇ ಇದೆ. ಡಿಜಿಟಲ್ ಪೌರತ್ವದ ಬಗ್ಗೆ ಪುಸ್ತಕ ಬರೆದಿರುವ ಅಮೆರಿಕದ ಮೈಕ್ ರಿಬಲ್ ಈ ವಿಷಯವನ್ನು ಒಂಬತ್ತು ಭಾಗ ಮಾಡಿದ್ದಾರೆ: ಸಾಧನ ಎಲ್ಲರಿಗೂ ಸಿಗುವುದು, ಆನ್‌ಲೈನ್ ವ್ಯಾಪಾರ, ಸಂವಹನ, ಕಲಿಕೆ, ನಡವಳಿಕೆ, ಕಾನೂನು, ಹಕ್ಕು ಮತ್ತು ಹೊಣೆ, ಆರೋಗ್ಯ, ಸುರಕ್ಷತೆ. ವರ್ಷದ ಯೋಜನೆ ಹಾಕುವಾಗ ಏನಾದರೂ ಬಿಟ್ಟುಹೋಯಿತಾ ಅಂತ ನೋಡಿಕೊಳ್ಳುವುದಕ್ಕೆ ಇದು ಒಳ್ಳೆಯದು. ಒಂಬತ್ತು ವಾರ ಒಂಬತ್ತು ಪಾಠ ಅಂತ ಹೊರಟರೆ ಮೂರನೇ ವಾರಕ್ಕೆ ಮಕ್ಕಳು ಆಕಳಿಸುತ್ತಾರೆ, ನೀವೂ ಆಕಳಿಸುತ್ತೀರಿ. ಇನ್ನೊಂದು ಮಾತು, ಇದನ್ನು ಕಂಪ್ಯೂಟರ್ ಟೀಚರ್ ಒಬ್ಬರ ತಲೆಗೇ ಕಟ್ಟಬೇಡಿ. ಮೂಲ ಪರೀಕ್ಷಿಸುವುದು ಇತಿಹಾಸ ಮತ್ತು ವಿಜ್ಞಾನದ ಕ್ಲಾಸಿಗೆ ಸೇರಿದ್ದು, ಕಮೆಂಟ್ ಬರೆಯುವ ರೀತಿ ಭಾಷೆಯ ಕ್ಲಾಸಿಗೆ.

ಮೊದಲು ಮಕ್ಕಳಿಂದ ತಿಳಿದುಕೊಳ್ಳಿ

ಹೆಸರು ಬರೆಯದ ಚೀಟಿ ಹಂಚಿ. ಯಾವ ಆ್ಯಪ್ ಮತ್ತು ಆಟಗಳಲ್ಲಿ ಜಾಸ್ತಿ ಹೊತ್ತು ಇರುತ್ತೀರಿ, ಇತ್ತೀಚೆಗೆ ಪರದೆ ಮೇಲೆ ಕಂಡು ಕಸಿವಿಸಿಯಾದದ್ದೇನು, ಹಾಗಾದಾಗ ಯಾರಿಗೆ ಹೇಳಿದಿರಿ ಅಥವಾ ಯಾಕೆ ಹೇಳಲಿಲ್ಲ. ಇಷ್ಟೇ ಕೇಳಿ. ಯಾರ ಮನೆಯಲ್ಲಿ ಫೋನ್ ಇದೆ ಅಂತ ಕೈ ಎತ್ತಿಸಬೇಡಿ, ಇಲ್ಲದವರಿಗೆ ಅದು ನಾಲ್ಕು ಜನರ ಮುಂದೆ ಆಗುವ ಅವಮಾನ.

ಚೀಟಿ ಓದಿದ ಮೇಲೆ ನಿಮ್ಮ ಯೋಜನೆ ಬದಲಾಗುವ ಸಾಧ್ಯತೆ ಇದೆ. ನಾವು ದೊಡ್ಡವರು ಸೋಶಿಯಲ್ ಮೀಡಿಯಾ ಅಂತ ತಲೆ ಕೆಡಿಸಿಕೊಂಡಿರುತ್ತೇವೆ, ಚಿಕ್ಕ ಮಕ್ಕಳು ಇರುವುದು ಆಟಗಳಲ್ಲಿ, ಅಲ್ಲಿನ ಚಾಟ್‌ನಲ್ಲಿ, ಹೆಡ್‌ಫೋನ್ ಹಾಕಿಕೊಂಡು ಮುಖ ನೋಡಿರದವರ ಜೊತೆ ಮಾತಾಡುತ್ತಾ. ಎಷ್ಟೋ ಮಕ್ಕಳಿಗೆ ಸ್ವಂತ ಫೋನ್ ಇರುವುದಿಲ್ಲ, ಅಪ್ಪ ಅಮ್ಮನದ್ದೇ ಬಳಸುತ್ತಾರೆ. ಅಂಥವರಿಗೆ 'ನಿನ್ನ ಖಾತೆಯ ಸೆಟ್ಟಿಂಗ್ ಬದಲಾಯಿಸು' ಅಂದರೆ ಅರ್ಥವೇ ಇಲ್ಲ, ದೊಡ್ಡವರ ಖಾತೆಯಲ್ಲಿ ಏನು ಒತ್ತಬಾರದು ಅನ್ನುವುದೇ ಮುಖ್ಯ. ಚೀಟಿಯಲ್ಲಿ ಯಾರಾದರೂ ನಿಜಕ್ಕೂ ಅಪಾಯದಲ್ಲಿರುವ ಸೂಚನೆ ಕಂಡರೆ ಪಾಠದ ಯೋಜನೆ ಪಕ್ಕಕ್ಕಿಟ್ಟು ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರ ಹತ್ತಿರ ಹೋಗಿ. ಅಕ್ಷರ ನೋಡಿ ಯಾರದ್ದೆಂದು ಕ್ಲಾಸಿನಲ್ಲೇ ಪತ್ತೆ ಮಾಡಲು ಹೋಗಬೇಡಿ.

ಆಮೇಲೆ ನಿಯಮಗಳು. ಅವನ್ನು ಮಕ್ಕಳೇ ಬರೆಯಲಿ, ಅರ್ಧ ಪುಟ ದಾಟದಿರಲಿ. 'ತಂತ್ರಜ್ಞಾನವನ್ನು ಜವಾಬ್ದಾರಿಯಿಂದ ಬಳಸುತ್ತೇವೆ' ಅನ್ನುವಂಥ ಸಾಲನ್ನು ಹೊಡೆದುಹಾಕಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. 'ಟೀಚರ್ ಕೈ ಎತ್ತಿದರೆ ಲ್ಯಾಪ್‌ಟಾಪ್ ಅರ್ಧ ಮುಚ್ಚುತ್ತೇವೆ', 'ಕೇಳದೆ ಯಾರ ಫೋಟೋನೂ ತೆಗೆಯುವುದಿಲ್ಲ', 'ಬೇರೆಯವರು ಲಾಗಿನ್ ಆಗಿ ಹಾಗೇ ಬಿಟ್ಟು ಹೋಗಿದ್ದರೆ ಲಾಗ್‌ಔಟ್ ಮಾಡುತ್ತೇವೆ, ಒಳಗೆ ನೋಡುವುದಿಲ್ಲ'. ಇಂಥವು ಕೆಲಸಕ್ಕೆ ಬರುತ್ತವೆ. ಒಂದೆರಡು ಸಾಲು ನಿಮಗೂ ಇರಲಿ. ಮಕ್ಕಳ ಫೋಟೋ ತೆಗೆದು ಪೋಷಕರ ಗ್ರೂಪಿಗೆ ಹಾಕುವ ಮುಂಚೆ ನೀವೂ ಕೇಳಬೇಕು, ಮಗು ಬೇಡ ಅಂದರೆ ಬೇಡ. ಈ ಒಂದು ಸಣ್ಣ ಕೆಲಸ ಒಪ್ಪಿಗೆ ಅಂದರೇನು ಅಂತ ಹತ್ತು ಸ್ಲೈಡ್‌ಗಿಂತ ಚೆನ್ನಾಗಿ ಕಲಿಸುತ್ತದೆ.

ಬಾಯಿಬಿಟ್ಟು ಹೇಳಿಸಿ

ಮತ್ತೆ ಪಾಸ್‌ವರ್ಡ್ ವಿಷಯಕ್ಕೆ ಬರೋಣ. ಇಬ್ಬರನ್ನು ಮುಂದೆ ಕರೆದು ಆಡಿಸಿ: ಒಬ್ಬಳು ಕೇಳಲಿ, ಪೀಡಿಸಲಿ, ಇನ್ನೊಬ್ಬಳು ತಪ್ಪಿಸಿಕೊಳ್ಳಲಿ. ಉಳಿದವರು ಮಾತು ಹುಡುಕಿ ಕೊಡಲಿ. 'ನಮ್ಮಮ್ಮ ಆಗಾಗ ನೋಡ್ತಾರೆ, ಗೊತ್ತಾದರೆ ಫೋನೇ ಹೋಗುತ್ತೆ' ಅನ್ನುವ ಥರದ ಉತ್ತರ ಬಂದೇ ಬರುತ್ತದೆ. ಅದು ಪೂರ್ತಿ ನಿಜ ಅಲ್ಲದಿರಬಹುದು, ಇರಲಿ ಬಿಡಿ. ಮಕ್ಕಳಿಗೆ ನೆಪ ಬೇಕು, ದೊಡ್ಡವರ ಮೇಲೆ ಹಾಕುವ ನೆಪಕ್ಕೆ ಗೆಳೆತನ ಕೆಡುವುದಿಲ್ಲ.

ಪಾಸ್‌ವರ್ಡ್ ಹೇಗಿರಬೇಕು ಅನ್ನುವುದನ್ನು ಹೇಳಿಕೊಡುವಾಗ ಹಳೇ ಪಾಠ ಒಪ್ಪಿಸಬೇಡಿ. ದೊಡ್ಡಕ್ಷರ, ಅಂಕಿ, ಚಿಹ್ನೆ ಸೇರಿಸು, ಮೂರು ತಿಂಗಳಿಗೊಮ್ಮೆ ಬದಲಾಯಿಸು ಅನ್ನುವ ಸಲಹೆಯನ್ನು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲೇ ಕೈಬಿಟ್ಟಿದೆ. ಹಾಗೆ ಒತ್ತಾಯ ಮಾಡಿದರೆ ಜನ ಹಳೇ ಪಾಸ್‌ವರ್ಡ್‌ನ ಕೊನೆಗೆ ಒಂದು ಅಂಕಿ ಸೇರಿಸಿ ಸುಮ್ನಾಗುತ್ತಾರೆ. ಉದ್ದ ಮುಖ್ಯ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿನಲ್ಲೂ ಉಳಿಯುತ್ತದೆ, ಊಹಿಸುವುದೂ ಕಷ್ಟ. ಒಂದೊಂದು ಖಾತೆಗೂ ಬೇರೆ ಬೇರೆ ಇರಬೇಕು, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆ ಆನ್ ಆಗಿರಬೇಕು, ಒಟಿಪಿ ಯಾರು ಕೇಳಿದರೂ ಕೊಡಬಾರದು. ಮಕ್ಕಳು ಕ್ಲಾಸಿನಲ್ಲಿ ಮಾದರಿ ಪಾಸ್‌ವರ್ಡ್ ಮಾತ್ರ ಕಟ್ಟಲಿ. ನಿಜವಾದದ್ದನ್ನು ಬೋರ್ಡಿನ ಮೇಲೆ ಬರೆದುಬಿಡುವ ಉತ್ಸಾಹಿಗಳು ಇದ್ದೇ ಇರುತ್ತಾರೆ.

ಗ್ರೂಪಿನಲ್ಲಿ ಯಾರನ್ನಾದರೂ ಗೇಲಿ ಮಾಡುವುದು ಇದಕ್ಕಿಂತ ಕಷ್ಟದ ಪಾಠ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಎದುರಿಗೆ ಆಡದ ಮಾತನ್ನು ಪರದೆಯ ಹಿಂದೆ ಕೂತು ಸಲೀಸಾಗಿ ಆಡಿಬಿಡುತ್ತೇವೆ. ಮನಃಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಇದರ ಕಾರಣಗಳನ್ನು ಬಿಡಿಸಿ ಬರೆದರು: ನನ್ನ ಗುರುತು ಸಿಗುವುದಿಲ್ಲ, ಎದುರಿನವರ ಮುಖ ಕಾಣುವುದಿಲ್ಲ, ಪ್ರತಿಕ್ರಿಯೆ ಆ ಕ್ಷಣಕ್ಕೆ ಬರುವುದಿಲ್ಲ. ಮಕ್ಕಳಿಗೆ ಇದನ್ನು ವಿವರಿಸುವುದಕ್ಕಿಂತ ಒಂದು ಕಲ್ಪಿತ ಸನ್ನಿವೇಶ ಕೊಡಿ. ಮೂವತ್ತು ಜನರ ಗ್ರೂಪ್, ಒಬ್ಬ ಹುಡುಗ ನಿದ್ದೆ ಮಾಡುತ್ತಿರುವ ಫೋಟೋಗೆ ಯಾರೋ ಕೊಳಕು ಸಾಲು ಬರೆದು ಹಾಕಿದ್ದಾರೆ, ನಾಲ್ಕು ನಗುವ ಇಮೋಜಿ ಬಿದ್ದಿವೆ. ನೀನೂ ಆ ಗ್ರೂಪಿನಲ್ಲಿದ್ದೀ, ಅದನ್ನು ನೋಡಿದ್ದೀ. ಈಗೇನು ಮಾಡುತ್ತೀ?

'ಹಾಕಿದವನಿಗೆ ಬುದ್ಧಿ ಹೇಳ್ತೀನಿ' ಅಂತ ಎಲ್ಲರೂ ವೀರರ ಥರ ಹೇಳುತ್ತಾರೆ. ನಂಬಬೇಡಿ. ಗ್ರೂಪಿನಲ್ಲಿ ಎದುರು ನಿಲ್ಲುವ ಧೈರ್ಯ ದೊಡ್ಡವರಿಗೇ ಇರುವುದಿಲ್ಲ. ಹಾಗಾಗಿ ಕಡಿಮೆ ಧೈರ್ಯ ಬೇಕಾಗುವ ದಾರಿಗಳನ್ನು ಮಕ್ಕಳ ಕೈಯಲ್ಲೇ ಬರೆಸಿ: ಇಮೋಜಿ ಹಾಕದೆ ಇರುವುದು, ಮಾತು ಬೇರೆ ಕಡೆ ತಿರುಗಿಸುವುದು, ಫೋಟೋದಲ್ಲಿರುವ ಹುಡುಗನಿಗೆ ಖಾಸಗಿಯಾಗಿ 'ನನಗೆ ಇದು ಇಷ್ಟ ಆಗಲಿಲ್ಲ, ನಾಳೆ ನನ್ನ ಜೊತೆ ಕೂತ್ಕೋ' ಅಂತ ಕಳಿಸುವುದು, ದೊಡ್ಡವರಿಗೆ ತಿಳಿಸುವುದು. ಈ ಪೈಕಿ ಆ ಖಾಸಗಿ ಸಂದೇಶವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ನಿಮ್ಮ ಕ್ಲಾಸಿನಲ್ಲೇ ನಿಜವಾಗಿ ನಡೆದ ಘಟನೆಯನ್ನು ಮಾತ್ರ ಉದಾಹರಣೆಗೆ ತರಬೇಡಿ. ಹೆಸರು ಬದಲಿಸಿದರೂ ಮಕ್ಕಳಿಗೆ ಗೊತ್ತಾಗುತ್ತದೆ, ನೊಂದ ಮಗು ಎಲ್ಲರೆದುರು ಇನ್ನೊಮ್ಮೆ ನೋಯುತ್ತದೆ.

ನಂಬುವುದು, ನಂಬದಿರುವುದು

1998ರಿಂದ ಒಂದು ವೆಬ್‌ಸೈಟ್ ಇದೆ, ಮರದ ಮೇಲೆ ವಾಸ ಮಾಡುವ ಆಕ್ಟೋಪಸ್ ಬಗ್ಗೆ. ಅಮೆರಿಕದ ವಾಯವ್ಯ ಭಾಗದ ಕಾಡಿನ ಅಪರೂಪದ ಜೀವಿ, ಅಳಿವಿನ ಅಂಚಿನಲ್ಲಿದೆ, ದಯವಿಟ್ಟು ಉಳಿಸಿ ಅಂತ ಚಿತ್ರ ಸಮೇತ ಬರೆದಿದ್ದಾರೆ. ಪೂರ್ತಿ ತಮಾಷೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಏಳನೇ ತರಗತಿ ಮಕ್ಕಳಿಗೆ ಇದನ್ನು ತೋರಿಸಿದಾಗ ಹೆಚ್ಚುಕಡಿಮೆ ಎಲ್ಲರೂ ನಂಬಿದ್ದರು. ಅವತ್ತಿನಿಂದ ಪ್ರಪಂಚದ ಎಷ್ಟೋ ಶಿಕ್ಷಕರು ಈ ಪಾಠ ಮಾಡುತ್ತಿದ್ದಾರೆ.

ಪಾಠ ಚೆನ್ನಾಗಿದೆ, ಆದರೆ ಒಂದು ತೊಂದರೆ ಇದೆ. ಬರೀ ಸುಳ್ಳು ತೋರಿಸುತ್ತಾ ಹೋದರೆ ಮಕ್ಕಳು ಕಲಿಯುವುದು 'ಇಂಟರ್ನೆಟ್‌ನಲ್ಲಿ ಇರೋದೆಲ್ಲ ಸುಳ್ಳು' ಅಂತ. ಏನನ್ನೂ ನಂಬದವರು ಎಲ್ಲವನ್ನೂ ನಂಬುವವರಷ್ಟೇ ಸುಲಭವಾಗಿ ಮೋಸ ಹೋಗುತ್ತಾರೆ. ಅದಕ್ಕೇ ಬೆರೆಸಿ ಕೊಡಿ. ಮರದ ಆಕ್ಟೋಪಸ್ ಪಕ್ಕದಲ್ಲೇ 'ಆಕ್ಟೋಪಸ್‌ಗೆ ಮೂರು ಹೃದಯ, ರಕ್ತ ನೀಲಿ' ಅಂತ ಇಡಿ. ಅದು ನಿಜ. 'ವೊಂಬ್ಯಾಟ್ ಅನ್ನುವ ಪ್ರಾಣಿ ಚೌಕಾಕಾರದ ಹಿಕ್ಕೆ ಹಾಕುತ್ತದೆ' ಅಂತಲೂ ಇಡಿ, ಅದೂ ನಿಜ, ಕ್ಲಾಸ್ ನಕ್ಕು ನಕ್ಕು ಬೀಳುತ್ತದೆ. ವಿಚಿತ್ರವಾಗಿ ಕಾಣಿಸಿದ್ದಕ್ಕೆ ಸುಳ್ಳು ಅನ್ನುವ ಹಾಗಿಲ್ಲ, ಚಂದದ ವೆಬ್‌ಸೈಟ್ ಇದ್ದುದಕ್ಕೆ ನಿಜ ಅನ್ನುವ ಹಾಗೂ ಇಲ್ಲ ಅಂತ ಆಗ ತಾನಾಗಿಯೇ ಹೊಳೆಯುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಜೊತೆಗಾರರು ಇತಿಹಾಸಕಾರರು, ವಿದ್ಯಾರ್ಥಿಗಳು, ಸುದ್ದಿ ನಿಜವೋ ಸುಳ್ಳೋ ಅಂತ ಪರೀಕ್ಷಿಸುವ ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು ಮೂವರಿಗೂ ಒಂದೇ ಬಗೆಯ ಪುಟಗಳನ್ನು ಕೊಟ್ಟು ಗಮನಿಸಿದರು. ಇತಿಹಾಸಕಾರರು, ವಿದ್ಯಾರ್ಥಿಗಳು ಆ ಪುಟವನ್ನೇ ಮೇಲಿಂದ ಕೆಳಗೆ ಓದುತ್ತಾ ಕೂತು ಎಷ್ಟೋ ಸಲ ಮೋಸ ಹೋದರು. ಫ್ಯಾಕ್ಟ್ ಚೆಕರ್‌ಗಳು ಪುಟವನ್ನು ಅಲ್ಲಿಗೇ ಬಿಟ್ಟು, ಹೊಸ ಟ್ಯಾಬ್ ತೆರೆದು, ಈ ಸಂಸ್ಥೆ ಯಾರದ್ದು, ಬೇರೆಯವರು ಇದರ ಬಗ್ಗೆ ಏನು ಹೇಳಿದ್ದಾರೆ ಅಂತ ಹುಡುಕಿದರು. ಬೇಗನೂ ಮುಗಿಸಿದರು, ಸರಿಯಾದ ಉತ್ತರಕ್ಕೂ ಬಂದರು.

ಇದನ್ನೇ ಆಟ ಮಾಡಿ. ಜೋಡಿ ಜೋಡಿಯಾಗಿ ಕೂರಿಸಿ ಒಂದು ಪುಟದ ವಿಳಾಸ ಕೊಡಿ, ಮೂರು ನಿಮಿಷ ಸಮಯ, ಮೊದಲ ನಿಮಿಷದೊಳಗೆ ಪುಟ ಬಿಟ್ಟು ಹೊರಗೆ ಬರಲೇಬೇಕು ಅಂತ ನಿಯಮ. ಕೊನೆಯಲ್ಲಿ ನಂಬುತ್ತೀರೋ ಇಲ್ಲವೋ ಅನ್ನುವುದಕ್ಕಿಂತ 'ಎಲ್ಲಿ ಹುಡುಕಿದಿರಿ' ಅಂತ ಕೇಳಿ, ಅಂಕ ಅದಕ್ಕೆ ಕೊಡಿ. ಫೋಟೋ ಆದರೆ ಅದೇ ಚಿತ್ರವನ್ನು ಹಾಕಿ ಹುಡುಕುವುದು ಹೇಗೆ ಅಂತ ತೋರಿಸಿ, ಹಳೇ ಫೋಟೋಗೆ ಹೊಸ ಕಥೆ ಅಂಟಿಸಿರುವುದು ಬಹಳ ಸಲ ಹೀಗೇ ಸಿಕ್ಕಿಬೀಳುತ್ತದೆ. ಎಐ, ಅಂದರೆ ಕೃತಕ ಬುದ್ಧಿಮತ್ತೆ, ಮಾಡಿದ ಚಿತ್ರವನ್ನು ಬೆರಳು ಎಣಿಸಿ ಪತ್ತೆ ಮಾಡು ಅನ್ನುವ ಸಲಹೆ ಹಳತಾಯಿತು, ಆ ತಪ್ಪುಗಳನ್ನು ಯಂತ್ರ ತಿದ್ದಿಕೊಳ್ಳುತ್ತಿದೆ. ಮೊದಲು ಯಾರು ಹಾಕಿದರು ಅಂತ ಹಿಂದಕ್ಕೆ ಹೋಗುವುದೇ ಗಟ್ಟಿ ದಾರಿ.

ದೊಡ್ಡ ಮಕ್ಕಳಿಗೆ ಒಂದು ಸಂಗತಿ ಹೇಳಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನ ಸುದ್ದಿಗಳನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ನಿಜ ಸುದ್ದಿಗಿಂತ ಸುಳ್ಳು ಸುದ್ದಿ ಮುಂದಕ್ಕೆ ಹಂಚಿಕೆಯಾಗುವ ಸಾಧ್ಯತೆ ಶೇ. 70ರಷ್ಟು ಜಾಸ್ತಿ. ಬಾಟ್‌ಗಳನ್ನು, ಅಂದರೆ ಯಂತ್ರವೇ ನಡೆಸುವ ಖಾತೆಗಳನ್ನು, ತೆಗೆದು ನೋಡಿದರೂ ಫಲಿತಾಂಶ ಹಾಗೇ ಇತ್ತು, ಹಂಚಿದ್ದು ಮನುಷ್ಯರೇ. ಸುಳ್ಳು ಹೊಸದಾಗಿ, ಆಶ್ಚರ್ಯವಾಗಿ ಕೇಳಿಸುತ್ತದೆ, ಅದಕ್ಕೇ ಕೈ ತಡೆಯುವುದಿಲ್ಲ. 'ಅಯ್ಯೋ' ಅಥವಾ 'ವಾಹ್' ಅನ್ನಿಸಿದ ಕೂಡಲೇ ಒಂದು ನಿಮಿಷ ನಿಲ್ಲುವುದು ಅಂತ ಕ್ಲಾಸಿನಲ್ಲಿ ರೂಢಿ ಮಾಡಿಸಬಹುದು.

ಎಐ ಮತ್ತು ಬೇರೆಯವರ ಕೆಲಸ

ಎಐ ಬಳಸಬೇಡಿ ಅಂದರೆ ಕದ್ದು ಬಳಸುತ್ತಾರೆ, ಬಳಸಿ ಅಂದರೆ ಯೋಚಿಸುವುದನ್ನೇ ಬಿಡುತ್ತಾರೆ. ನಡುವಿನ ದಾರಿ ಅಂದರೆ ಯಾವ ಕೆಲಸಕ್ಕೆ ಸರಿ, ಯಾವುದಕ್ಕೆ ಬೇಡ ಅಂತ ಪ್ರತಿ ಅಸೈನ್‌ಮೆಂಟ್ ಮೇಲೆ ಸ್ಪಷ್ಟವಾಗಿ ಬರೆಯುವುದು, ಬಳಸಿದರೆ ಎಲ್ಲಿ, ಯಾಕೆ ಬಳಸಿದೆ ಅಂತ ಕೊನೆಯಲ್ಲಿ ಎರಡು ಸಾಲು ಬರೆಸುವುದು. ವಯಸ್ಸನ್ನೂ ಗಮನಿಸಿ: ತರಗತಿಯಲ್ಲಿ ಮಕ್ಕಳು ಕೇಳಿದ್ದನ್ನು ಬರೆದುಕೊಡುವ ಎಐ ಸಾಧನಗಳನ್ನು ಬಳಸುವುದಕ್ಕೆ ಕನಿಷ್ಠ 13 ವರ್ಷ ಅಂತ ಯುನೆಸ್ಕೋ 2023ರ ಮಾರ್ಗದರ್ಶಿಯಲ್ಲಿ ಸಲಹೆ ಕೊಟ್ಟಿದೆ. ಚಿಕ್ಕ ತರಗತಿಯಾದರೆ ನೀವೇ ಪರದೆ ಮೇಲೆ ತೋರಿಸಿ. ಮಕ್ಕಳು ಆಗಲೇ ಚೆನ್ನಾಗಿ ಓದಿ ಮುಗಿಸಿದ ಪಾಠದ ಬಗ್ಗೆ ಎಐ ಹತ್ತಿರ ಉತ್ತರ ಬರೆಸಿ, ತಪ್ಪು ಹುಡುಕಲು ಬಿಡಿ. ತಮಗೆ ಗೊತ್ತಿರುವ ವಿಷಯದಲ್ಲಿ ಅದು ಎಷ್ಟು ಆತ್ಮವಿಶ್ವಾಸದಿಂದ ತಪ್ಪು ಹೇಳುತ್ತದೆ ಅಂತ ಕಂಡವರು ಗೊತ್ತಿಲ್ಲದ ವಿಷಯದಲ್ಲಿ ತಾವಾಗಿಯೇ ಹುಷಾರಾಗುತ್ತಾರೆ.

ಕಾಪಿ ಹೊಡೆದದ್ದನ್ನು ಹಿಡಿಯಲು ಎಐ ಪತ್ತೆ ಸಾಧನ ನೆಚ್ಚಿಕೊಳ್ಳಬೇಡಿ, ದಯವಿಟ್ಟು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ 2023ರಲ್ಲಿ ವಾಪಸ್ ತೆಗೆದುಕೊಂಡಿತು. ಇಂಗ್ಲಿಷ್ ತಾಯಿನುಡಿ ಅಲ್ಲದವರು ತಾವೇ ಬರೆದ ಪ್ರಬಂಧಗಳನ್ನು ಇಂಥ ಸಾಧನಗಳು ಯಂತ್ರದ್ದು ಅಂತ ತಪ್ಪಾಗಿ ತೋರಿಸಿದ್ದೂ ಅದೇ ವರ್ಷದ ಅಧ್ಯಯನವೊಂದರಲ್ಲಿ ಇದೆ. ಅನುಮಾನ ಬಂದರೆ ಮಗುವನ್ನು ಕೂರಿಸಿಕೊಂಡು 'ಈ ಭಾಗ ನನಗೆ ವಿವರಿಸು' ಅನ್ನಿ, ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಚಿತ್ರ, ಸಂಗೀತ ಎತ್ತಿ ಬಳಸುವ ವಿಷಯ ಚಿಕ್ಕದು. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಪುಕ್ಕಟೆ ಅಲ್ಲ ಅಂತ ಹೇಳಿ, ಯಾವ ಷರತ್ತಿನ ಮೇಲೆ ಬಳಸಬಹುದು ಅಂತ ಮಾಡಿದವರೇ ಮೊದಲೇ ಹೇಳಿರುವ, 2002ರಲ್ಲಿ ಶುರುವಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳನ್ನು ಪರಿಚಯಿಸಿ, ಚಿತ್ರದ ಕೆಳಗೆ ಹೆಸರು, ಮಾಡಿದವರು, ಸಿಕ್ಕ ಜಾಗ, ಲೈಸೆನ್ಸ್ ಈ ನಾಲ್ಕನ್ನು ಬರೆಸಿ. ನಿಮ್ಮ ಸ್ಲೈಡ್‌ಗಳಲ್ಲೂ ಅವು ಇರಲಿ, ಮಕ್ಕಳು ನೋಡುತ್ತಿರುತ್ತಾರೆ.

ಖಾಸಗಿ ಮಾಹಿತಿ

ಒಂದು ಮಾದರಿ ಫೋಟೋ ತೋರಿಸಿ, ಪತ್ತೇದಾರರ ಥರ ನೋಡಲು ಹೇಳಿ. ಯೂನಿಫಾರ್ಮ್ ಮೇಲಿನ ಶಾಲೆಯ ಹೆಸರು, ಹಿಂದೆ ಕಾಣುವ ಬೀದಿ ಫಲಕ, ಕನ್ನಡಿಯಲ್ಲಿ ಬಿದ್ದ ಇನ್ನೊಬ್ಬರ ಮುಖ. ಆಮೇಲೆ ಫೋನಿನಲ್ಲಿ ಫೋಟೋದ ವಿವರ ತೆರೆದು ತೋರಿಸಿ: ತೆಗೆದ ದಿನ, ಸಮಯ, ಲೊಕೇಶನ್ ಆನ್ ಇದ್ದರೆ ನಕ್ಷೆಯಲ್ಲಿ ಜಾಗ ಕೂಡ. ಕೆಲವು ಆ್ಯಪ್‌ಗಳು ಇದನ್ನು ಅಳಿಸಿಬಿಡುತ್ತವೆ, ಆದರೆ ಫೋಟೋವನ್ನು ಫೈಲ್ ಆಗಿ ಕಳಿಸಿದರೆ ಅದರೊಳಗೇ ಉಳಿದಿರಬಹುದು. ಕ್ಯಾಮೆರಾಗೆ ಲೊಕೇಶನ್ ಅನುಮತಿ ತೆಗೆಯುವುದನ್ನು ಅಲ್ಲೇ ಮಾಡಿಸಿ.

ಎಷ್ಟೋ ಆ್ಯಪ್‌ಗಳಲ್ಲಿ ಖಾತೆ ತೆರೆಯಲು 13 ವರ್ಷ ಆಗಿರಬೇಕು ಅನ್ನುವ ಲೆಕ್ಕ ಎಲ್ಲಿಂದ ಬಂತು ಅಂತ ಮಕ್ಕಳು ಕೇಳುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಆದ ಕಾನೂನಿನಿಂದ: 13ರೊಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕು ಅಂತ ಅದು ಹೇಳಿತು, ಕಂಪನಿಗಳು ಆ ಗೊಡವೆಯೇ ಬೇಡ ಅಂತ 13ರ ಗೆರೆ ಎಳೆದವು. ಬೇರೆ ದೇಶಗಳಲ್ಲಿ ವಯಸ್ಸು ಬೇರೆ ಇದೆ. ಇದನ್ನು ನೀವು ತಿಳಿದಿರಬೇಕಾದ ಇನ್ನೊಂದು ಕಾರಣ, ಹೊಸ ಆ್ಯಪ್ ಚೆನ್ನಾಗಿದೆ ಅಂತ ಇಡೀ ಕ್ಲಾಸಿನ ಹೆಸರು, ಹುಟ್ಟಿದ ದಿನ ಹಾಕಿ ಖಾತೆ ತೆರೆಯುವವರು ಶಿಕ್ಷಕರೇ. ಮೊದಲು ಅದರ ವಯಸ್ಸಿನ ನಿಯಮ ನೋಡಿ, ಪೋಷಕರ ಒಪ್ಪಿಗೆ ತೆಗೆದುಕೊಳ್ಳಿ, ಅಡ್ಡಹೆಸರಿನಲ್ಲಿ ಕೆಲಸ ಆಗುವುದಾದರೆ ನಿಜ ಹೆಸರು ಹಾಕಬೇಡಿ.

ಎಷ್ಟು ಹೊತ್ತು ನೋಡಬಹುದು ಅನ್ನುವ ಪ್ರಶ್ನೆಗೆ ನಾನು ಗಂಟೆಗಳ ಲೆಕ್ಕ ಹೇಳುವುದಿಲ್ಲ. ಬದಲಿಗೆ ಎದ್ದು ಹೋಗದ ಹಾಗೆ ಆ್ಯಪ್ ಏನೇನು ಮಾಡುತ್ತದೆ ಅಂತ ಮಕ್ಕಳೇ ಪಟ್ಟಿ ಮಾಡಲಿ: ಮುಗಿಯದ ಸ್ಕ್ರೋಲ್, ತಾನಾಗಿ ಶುರುವಾಗುವ ಮುಂದಿನ ವಿಡಿಯೋ, ಒಂದು ದಿನ ತಪ್ಪಿದರೆ ಸೊನ್ನೆಗೆ ಬೀಳುವ ಎಣಿಕೆ, ಕೆಂಪು ಚುಕ್ಕೆ. ಆಮೇಲೆ ಒಂದು ವಾರ ನೋಟಿಫಿಕೇಶನ್ ಆಫ್ ಮಾಡಿ ನೋಡಲು ಹೇಳಿ. ನೀವೂ ಮಾಡಿ, ಅಲ್ವಾ?

ಏನಾದರೂ ಆಗಿಯೇ ಬಿಟ್ಟರೆ

ಮಗು ಬಂದು ಹೇಳಿದಾಗ ಮೊದಲು ಮಾಡಬಾರದ ಕೆಲಸ ಫೋನ್ ಕಿತ್ತುಕೊಳ್ಳುವುದು. ಹೇಳಿದರೆ ಫೋನ್ ಹೋಗುತ್ತದೆ ಅಂತ ಒಂದು ಸಲ ಗೊತ್ತಾದರೆ ಆ ಮಗು ಮಾತ್ರ ಅಲ್ಲ, ಅದರ ಗೆಳೆಯರೂ ಇನ್ನು ನಿಮ್ಮ ಹತ್ತಿರ ಬರುವುದಿಲ್ಲ. ಪೋಷಕರ ಸಭೆಯಲ್ಲೂ ಇದನ್ನೇ ಒತ್ತಿ ಹೇಳಿ. 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ, ಯಾಕೆಂದರೆ ಹೇಳಲೇಬೇಕಾಗಬಹುದು. 'ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೆ ಹೇಳ್ತೀನಿ' ಅನ್ನಿ.

ಬೈಗುಳ, ಬೆದರಿಕೆ ಆದರೆ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್, ಖಾತೆಯ ಹೆಸರು, ದಿನಾಂಕ ಉಳಿಸಿಕೊಳ್ಳಿ. ಮಗುವಿನ ನಗ್ನ ಚಿತ್ರದ ವಿಷಯವಾದರೆ ಪೂರ್ತಿ ಬೇರೆ: ನೀವು ಅದನ್ನು ನೋಡಲೂಬೇಡಿ, ಸಾಕ್ಷಿ ಅಂತ ನಿಮ್ಮ ಫೋನಿಗೆ ಕಳಿಸಿಕೊಳ್ಳಲೂಬೇಡಿ, ಬಹಳಷ್ಟು ದೇಶಗಳಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಶಾಲೆಯ ಮಕ್ಕಳ ರಕ್ಷಣೆಯ ಹೊಣೆಗಾರರಿಗೆ, ಪೊಲೀಸರಿಗೆ ತಿಳಿಸಿ. ಚಿತ್ರ ಇಟ್ಟುಕೊಂಡು ಹಣ ಕೇಳುತ್ತಿದ್ದರೆ ಕೊಡಬಾರದು, ಕೊಟ್ಟರೆ ಮತ್ತೆ ಕೇಳುತ್ತಾರೆ. 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆಯೂ ಇದೆ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತದೆ. 18 ವರ್ಷದೊಳಗೆ ತೆಗೆದ ಚಿತ್ರಕ್ಕೆ ಅದು ಬಳಕೆದಾರರ ಫೋನಿನಲ್ಲೇ ಒಂದು ಡಿಜಿಟಲ್ ಗುರುತು ತಯಾರಿಸುತ್ತದೆ, ಚಿತ್ರ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ, ಸೇವೆಗೆ ಸೇರಿರುವ ಆ್ಯಪ್‌ಗಳು ಆ ಗುರುತು ಇಟ್ಟುಕೊಂಡು ಅದನ್ನು ಹುಡುಕಿ ತೆಗೆಯುತ್ತವೆ.

ಇಷ್ಟಾದ ಮೇಲೆ ಸುಮ್ನಾಗಬೇಡಿ. ಒಂದು ವಾರ ಬಿಟ್ಟು ಮಗುವನ್ನು ಒಬ್ಬಂಟಿಯಾಗಿ ಸಿಕ್ಕಾಗ ವಿಚಾರಿಸಿ, ತಿಂಗಳು ಬಿಟ್ಟು ಇನ್ನೊಮ್ಮೆ. ಒಂದು ಖಾತೆ ಬ್ಲಾಕ್ ಮಾಡಿದರೆ ಹೊಸ ಹೆಸರಿನಲ್ಲಿ ಇನ್ನೊಂದು ಬರುವುದು ಸಾಮಾನ್ಯ, ಎರಡನೇ ಸಲ ಮಗು ತಾನಾಗಿ ಬಂದು ಹೇಳುವುದು ಅಪರೂಪ.